ಹಿಂದಿನ ಸೀಟು ಮತ್ತು ಬೆನ್ನುಮೂಳೆ

ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಬಾಗಿಲಿಗೆ ಅಂಟಿಕೊಂಡು ಕೂತವರನ್ನು ಕಂಡರೆ, ಗೆಳೆಯರೇ, ಗಾಳಿಗೆ ಆಸೆಪಟ್ಟವರೆಂದು ತಿಳಿಯಬೇಡಿ. ನನ್ನಂತೆ ಕರುಳಿನ ಅಪ್ಪಣೆಗೆ ತಲೆಬಾಗಿ ಕೂತವರಿರಬಹುದು. ಚಿತ್ರದುರ್ಗದಿಂದ ಭೀಮಸಮುದ್ರಕ್ಕೆ ಗಣಿತ ಕಲಿಸಲು ಹೋಗುವ ನನಗೆ ಹನ್ನೊಂದು ವರ್ಷಗಳಿಂದ ದೊಡ್ಡ ಕರುಳಿನಲ್ಲಿ ಹುಣ್ಣು. ಅದು ಯಾವಾಗ ಕರೆಯುತ್ತದೋ ತಿಳಿಯದು, ಕರೆದರೆ ಒಂದು ನಿಮಿಷದ ವಾಯಿದೆಯನ್ನೂ ಕೊಡದು. ಆ ಬಸ್ಸಿಗಿರುವುದು ಹಿಂದಿನ ಬಾಗಿಲೊಂದೇ. ದಾರಿಯ ಮೈಲಿಗಲ್ಲುಗಳನ್ನು ನಾನರಿಯೆ, ಶೌಚಾಲಯಗಳನ್ನು ಮಾತ್ರ ಕಣ್ಣು ಮುಚ್ಚಿ ಹೇಳಬಲ್ಲೆ.

ಇದೆಲ್ಲ ಪರಮ ಗುಟ್ಟು. ಗಣಿತದ ಮೇಡಂಗೆ ಭೇದಿಯ ಕಾಯಿಲೆ ಎಂದರೆ ಮಾನ ಉಳಿದೀತೆ? ಹೊಟ್ಟೆ ಕೆರಳಿದಾಗಲೆಲ್ಲ ಡಾಕ್ಟರಿಗೆ ಮುಖ ತೋರಿಸದೆ, ಹಳೆಯ ಚೀಟಿ ಹಿಡಿದು ಮೆಡಿಕಲ್ ಶಾಪಿನಿಂದ ಅದೇ ಸ್ಟೀರಾಯ್ಡ್ ಮಾತ್ರೆ ತರುತ್ತಿದ್ದೆ. ಕರುಳು ಸಾಧುವಾಗುತ್ತಿತ್ತು, ಮುಖ ದುಂಡಗಾಗುತ್ತಿತ್ತು, ನೋಡಿದವರು "ಮೈ ಕೈ ತುಂಬ್ಕಂಡೀರಿ" ಎಂದು ಮೆಚ್ಚುತ್ತಿದ್ದರು. ಯಾರೋ ಹೇಳಿದರೆಂದು ಹಾಲು ಮೊಸರನ್ನೂ ಬಿಟ್ಟಿದ್ದೆ. ದಿನವೂ ರಂಪ ಮಾಡುವ ಕರುಳನ್ನು ಓಲೈಸುವುದರಲ್ಲಿ, ಎಂದೂ ಬಾಯಿ ಬಿಡದ ಪಾಪದ ಮೂಳೆಗಳೂ ನನ್ನೊಳಗಿವೆ ಎಂಬುದೇ ಮರೆತುಹೋಗಿತ್ತು.

ಕಳೆದ ವರ್ಷ ಹಿರೇಗುಂಟನೂರಿನ ಹತ್ತಿರ ಬಸ್ಸು ರಸ್ತೆಯುಬ್ಬಿನ ಮೇಲೆ ಎಗರಿತು. ಹಿಂದಿನ ಸೀಟಿನವರೆಲ್ಲ ಎಗರಿಬಿದ್ದು ನಕ್ಕರು, ನನಗೆ ಏಳಲಾಗಲಿಲ್ಲ. ಬೆನ್ನುಮೂಳೆಯೊಂದು ಬಿರುಕು ಬಿಟ್ಟಿತ್ತು. ಮೂಳೆಯ ಸಾಂದ್ರತೆ ಅಳೆಸಿ ನೋಡಿದ ಡಾಕ್ಟರು, "ಕರುಳಿನ ಉರಿಯೂತಾನೂ ಮೂಳೆ ತಿಂತೈತೆ, ನೀವು ನುಂಗಿದ ಮಾತ್ರೇನೂ ತಿಂತೈತೆ. ನಲವತ್ತಾರಕ್ಕೇ ಎಪ್ಪತ್ತರ ಮೂಳೆ ಮಾಡ್ಕಂಡೀರಲ್ರಿ!" ಎಂದು ಗದರಿದರು. ಸ್ಟೀರಾಯ್ಡನ್ನು ನಿಧಾನವಾಗಿ ಇಳಿಸಿ ಬೇರೆ ಔಷಧಿ ಕೊಟ್ಟರು. ಕ್ಯಾಲ್ಸಿಯಂ, ಮೊಸರು, ಬಿಸಿಲು, ನಡಿಗೆ ಎಂದರು. ಕೊನೆಗೆ, "ಹಿಂದಿನ ಸೀಟು ಬ್ಯಾಡ. ಇನ್ನೊಂದು ಮೂಳೆ ಹೋದ್ರೆ ಕೆಲ್ಸ ಮರ್ತುಬಿಡ್ರಿ" ಎಂದರು.

ಹಿಂದೆ ಕೂತರೆ ಮೂಳೆಗೆ ಭಯ, ಮುಂದೆ ಕೂತರೆ ಕರುಳಿಗೆ. ಪಾಠ ಹೇಳುವುದನ್ನು ಬಿಟ್ಟು ಬದುಕುವುದು ನನ್ನಿಂದಾಗದು. ಮೂರು ತಿಂಗಳ ರಜೆ ಮುಗಿದ ದಿನ ಕಂಡಕ್ಟರನ ಕಿವಿಯಲ್ಲಿ ನಿಜ ಉಸುರಿದೆ. ಅವನೋ ಪಿಸುಮಾತಿನ ಮನುಷ್ಯನೇ ಅಲ್ಲ.

"ಅಷ್ಟಕ್ಕೇನ್ರಿ ಮೇಡಂ ಇಷ್ಟು ವರ್ಷ ಹಿಂದೆ ಕುಂತಿದ್ದು? ಒಂದ್ ಮಾತು ಹೇಳಬಾರ್ದೇನ್ರಿ? ಮುಂದೆ ಬರ್ರಿ, ಕುಂತ್ಕಳ್ರಿ! ಡ್ರೈವರಣ್ಣ, ಮೇಡಂಗೆ ಹೊಟ್ಟೆ ಸರಿ ಇಲ್ಲ, ಕೈ ಎತ್ತಿದ್ರೆ ನಿಲ್ಸು!"

ಇಡೀ ಬಸ್ಸು ನನ್ನತ್ತ ತಿರುಗಿತು. ನಾಚಿಕೆಯಿಂದ ಕುಗ್ಗಿಹೋದೆ.

ನಾಲ್ಕನೆಯ ದಿನವೇ ಕೈ ಎತ್ತಬೇಕಾಯಿತು. ಬಸ್ಸು ನಿಂತಿತು, ಜನ ದಾರಿ ಬಿಟ್ಟರು, ನಾನು ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಓಡಿದೆ. ಹೊರಗೆ ಕೇಳಲಿರುವ ನಗೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಬಾಗಿಲು ತೆರೆದರೆ, ಎದುರಿಗೆ ಬಸ್ಸಿನ ಏಳೆಂಟು ಹೆಂಗಸರು ಸಾಲಾಗಿ ನಿಂತಿದ್ದರು.

ಮುಂದಿದ್ದ ಅಜ್ಜಿ ನನ್ನ ಕೈ ಹಿಡಿದು, "ಒಳ್ಳೇ ಕೆಲ್ಸ ಮಾಡ್ದೆ ಕಣವ್ವ. ನಾವೂ ದಿನಾ ತಡ್ಕಂಡೇ ಹೋಗ್ತಿದ್ವಿ, ನಿಲ್ಸು ಅನ್ನಾಕೆ ನಾಚ್ಕೆ" ಎಂದಳು.

ಮುಂದಿನ ಸೀಟಿಗೆ ಮರಳಿ, ಎಷ್ಟೋ ವರ್ಷಗಳ ಮೇಲೆ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ.