ಸಾರ್ ಬೆರಳು ತೋರಿಸಿದರು, ಮಾತು ಬರಲಿಲ್ಲ

ಬೆಳಗಿನ ಶಿಫ್ಟ್ ಶುರುವಾಗುವ ಮುಂಚೆ ನಮ್ಮ ಫ್ಯಾಕ್ಟರಿಯಲ್ಲಿ ಒಂದು ಪದ್ಧತಿಯಿದೆ. ಮೆಷಿನ್ನಿನ ಒಂದೊಂದು ಭಾಗಕ್ಕೂ ಬೆರಳು ತೋರಿಸಿ "ಸರಿ ಇದೆ!" ಎಂದು ಗಟ್ಟಿಯಾಗಿ ಕೂಗಬೇಕು. ಪದ್ಧತಿ ಜಪಾನಿನದು, ಕೂಗು ಕನ್ನಡದ್ದು. ಕನ್ನಡದಲ್ಲೇ ಕೂಗಬೇಕೆಂದು ಹಟ ಹಿಡಿದವರು ನಮ್ಮ ಎಂ.ಡಿ. ನಿಶಿಯಾಮ ಸಾರ್.

ಆ ದಿನ ಅವರು ಪ್ರೆಸ್ ಮೆಷಿನ್ನಿಗೆ ಬೆರಳು ತೋರಿಸಿದರು. ಬಾಯಿ ತೆರೆದರು. ಮಾತು ಬರಲಿಲ್ಲ.

ಸಾರ್ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ಎಲ್ಲರೂ ಒಟ್ಟಿಗೆ "ಸರಿ ಇದೆ!" ಎಂದು ಕೂಗಿದೆವು. ಅಷ್ಟರಲ್ಲಿ ಅವರ ಬಲಗೈ ಜೋತುಬಿತ್ತು.

ಸ್ಟ್ರೋಕ್.

ದೊಡ್ಡಬಳ್ಳಾಪುರದಿಂದ ಬೆಂಗಳೂರಿನವರೆಗೂ ಆಂಬುಲೆನ್ಸಿನಲ್ಲಿ ಟ್ರಾಫಿಕ್ಕಿಗೆ ಹಿಡಿಶಾಪ ಹಾಕುತ್ತಾ ಕೂತಿದ್ದೆ. ಹೊತ್ತಿಗೆ ಸರಿಯಾಗಿ ತಲುಪಿದ್ದರಿಂದ ಜೀವ ಉಳಿಯಿತು. ಆದರೆ ಮಿದುಳಿನಲ್ಲಿ ಮಾತಿನ ಜಾಗಕ್ಕೇ ಪೆಟ್ಟಾಗಿದೆ, ಇದನ್ನು ಅಫೇಸಿಯಾ ಅನ್ನುತ್ತಾರೆ ಎಂದರು ಡಾಕ್ಟರ್. ನಾನು ಮಮತಾ, ತ್ಯಾಮಗೊಂಡ್ಲಿನ ರಾಗಿ ಬೆಳೆಯುವವರ ಮನೆಯ ಮಗಳು, ಸಾರ್‌ಗೆ ದುಭಾಷಿ. ಮಾತೇ ಹೋದವರಿಗೆ ದುಭಾಷಿ ಏನು ಮಾಡಬೇಕು? ಐಸಿಯು ಬಾಗಿಲಲ್ಲಿ ನಿಂತು ಗೊಳೋ ಎಂದು ಅತ್ತೆ.

ಸ್ಕೂಲು ಮುಗಿಸಿ ಜಪಾನಿನ ನಮ್ಮ ಕಂಪನಿಯಲ್ಲಿ ಲೇತ್ ಮೆಷಿನ್ ಮುಂದೆ ನಿಂತ ಹುಡುಗ ನಮ್ಮ ಸಾರ್. ಅದೇ ಕಂಪನಿಯಲ್ಲಿ ಮೇಲೆ ಬಂದು, ಥೈಲ್ಯಾಂಡಿನಲ್ಲಿ ಒಂದು ಪ್ಲಾಂಟ್ ಕಟ್ಟಿ, ಕೊನೆಯ ಪೋಸ್ಟಿಂಗ್ ಎಂದು ನಮ್ಮಲ್ಲಿಗೆ ಬಂದಿದ್ದರು. ಎಂ.ಡಿ. ಆದರೂ ನಮ್ಮದೇ ಯೂನಿಫಾರಂ, ನಮ್ಮದೇ ಕ್ಯಾಂಟೀನ್ ಕ್ಯೂ. ಜಪಾನಿನಿಂದ ಹೊಸಬರು ಬಂದರೆ ಮುದ್ದೆ ಅಗಿಯಬಾರದು, ನುಂಗಬೇಕು ಎಂದು ಪಾಠ ಬೇರೆ ಹೇಳುತ್ತಿದ್ದರು. ನಿವೃತ್ತಿಗೆ ಮುಂಚೆ ಫ್ಯಾಕ್ಟರಿಯ ಹೊಸ ಪ್ರೊಡಕ್ಷನ್ ಲೈನ್ ಓಡುವುದನ್ನು ಕಣ್ಣಾರೆ ನೋಡಬೇಕು, ಅದೊಂದೇ ಅವರ ಆಸೆ. ಮಾತು ಬರದಿದ್ದರೆ ಹೆಡ್ ಆಫೀಸ್ ವಾಪಸ್ ಕರೆಸಿಕೊಳ್ಳುತ್ತಿತ್ತು.

ಅವರ ಹೆಂಡತಿ ಫುಮಿಕೋ ಜಪಾನಿನಿಂದ ಓಡಿ ಬಂದರು. "ನನ್ನ ಹೆಸರು ಹೇಳಿ, ಹೇಳಿ" ಎಂದು ಕೇಳಿದರು. ಸಾರ್ ತಡಕಾಡಿದರು. ಹೆಸರು ಸಿಗಲಿಲ್ಲ. ಅದೇ ಹೊತ್ತಿಗೆ ನರ್ಸ್ ಬಂದು ಡ್ರಿಪ್ ಬದಲಾಯಿಸಿದಳು. ಸಾರ್ ಎಡಗೈ ಎತ್ತಿ ಬಾಟಲಿಗೆ ಬೆರಳು ತೋರಿಸಿದರು.

"ಸರಿ ಇದೆ!"

ನರ್ಸ್ ಬೆಚ್ಚಿಬಿದ್ದಳು. ಸಾರ್ ಬಿಡಲಿಲ್ಲ. ಮಂಚ, ಮಾತ್ರೆ, ಕಿಟಕಿ, ಎಲ್ಲದಕ್ಕೂ ಸರಿ ಇದೆ. ಕೊನೆಗೆ ಫುಮಿಕೋ ಕಡೆ ಬೆರಳು ತೋರಿಸಿ, ಮೆತ್ತಗೆ, "ಸರಿ ಇದೆ" ಎಂದರು. ಫುಮಿಕೋಗೆ ನಾನು ಅರ್ಥ ಹೇಳಿದೆ. "ನನ್ನ ಹೆಸರು ಮರೆತ ಗಂಡ ಕನ್ನಡ ಮಾತಾಡ್ತಿದ್ದಾರಲ್ಲ!" ಎಂದು ಆಕೆ ಅಳುತ್ತಲೇ ನಕ್ಕುಬಿಟ್ಟರು.

"ದಿನಾ ಹೇಳಿ ಹೇಳಿ ರೂಢಿಯಾದ ಮಾತು ಮೊದಲು ವಾಪಸ್ ಬರುತ್ತಮ್ಮ. ಅದನ್ನೇ ಹಿಡ್ಕೊಂಡು ಮಿಕ್ಕಿದ್ದನ್ನ ಎಳ್ಕೊಂಡು ಬರೋಣ" ಎಂದರು ಡಾಕ್ಟರ್.

ಸ್ಪೀಚ್ ಥೆರಪಿ ಶುರುವಾಯಿತು. ಫುಮಿಕೋ ಎಂಬ ಹೆಸರು ಬಂತು. ನನ್ನದೂ ಬಂತು. ಬಲಗಾಲು ಇನ್ನೂ ಎಳೆಯುತ್ತದೆ, ಸುಸ್ತಾದರೆ ಮಾತು ಕೈಕೊಡುತ್ತದೆ. ಪೂರ್ತಿ ಗುಣವಾಗುತ್ತದೆಂದು ಯಾರೂ ಭರವಸೆ ಕೊಟ್ಟಿಲ್ಲ. ಸಿಕ್ಕಿದಷ್ಟಕ್ಕೆ ಕೈ ಮುಗಿಯುತ್ತೇವೆ.

ಇರಬೇಕೋ ಹೋಗಬೇಕೋ ಎಂಬುದನ್ನು ಹೆಡ್ ಆಫೀಸಿನವರು ಡಾಕ್ಟರಿಗೇ ಬಿಟ್ಟಿದ್ದರು. ಮೊನ್ನೆ ಚೆಕಪ್‌ನಲ್ಲಿ ಡಾಕ್ಟರ್, "ಜಪಾನಿಗೆ ಹೋಗಿ ರೆಸ್ಟ್ ತಗೋತಾರಾ ಕೇಳಿ" ಎಂದರು. ಸಾರ್ ಜಪಾನಿಯಲ್ಲಿ 'ನಾನು... ಹೋಗ್ತೀನಿ' ಎಂಬರ್ಥದ ಎರಡು ಪದ ಹೇಳಿ ತಡೆದರು. ಅವರ ಮಾತು ತುಂಬಿಸಿ ಹೇಳುವುದು ಈಚೆಗೆ ನನಗೆ ಅಭ್ಯಾಸವಾಗಿತ್ತು.

"ಹೂಂ, ಹೊರಡ್ತೀನಿ ಅಂತಿದ್ದಾರೆ ಡಾಕ್ಟ್ರೇ."

ಸಾರ್ ಕೈ ಅಡ್ಡ ಹಿಡಿದರು. "ಮಮತಾ, ತಪ್ಪು." ಆಮೇಲೆ ತಾವೇ, ಒಂದೊಂದೇ ಪದ ಹುಡುಕಿ, ಕನ್ನಡದಲ್ಲಿ ಹೇಳಿದರು: "ಹೊಸ ಲೈನ್... ನೋಡಿ... ಹೋಗ್ತೀನಿ."

ಡಾಕ್ಟರ್ ನಕ್ಕರು. "ನೋಡ್ಕೊಂಡೇ ಹೋಗ್ಲಿ ಬಿಡಿ. ಬಿಪಿ ಮಾತ್ರೆ ಮಾತ್ರ ತಪ್ಪಿಸಬೇಡಿ."

ನನ್ನ ಅನುವಾದ ತಪ್ಪೆಂದು ಎಲ್ಲರೆದುರು ಅನ್ನಿಸಿಕೊಂಡಿದ್ದು ಅದೇ ಮೊದಲು. ಖುಷಿ ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟೆ.