ಎರಡು ಹಲಗೆ ತುಂಡು

ನಮ್ಮಣ್ಣನನ್ನು ಗೋದಾಮಿನಲ್ಲಿ ಎಲ್ಲರೂ ಕೊಕ್ಕೆ ಎಂದೇ ಕರೆಯುತ್ತಿದ್ದರು. ಮೂಟೆಗೆ ಕೊಕ್ಕೆ ಹಾಕಿ ಒಂದೇ ಎಳೆತಕ್ಕೆ ಬೆನ್ನಿಗೇರಿಸುವುದರಲ್ಲಿ ಅವನನ್ನು ಮೀರಿಸುವವರು ಆ ಬಂದರಿನಲ್ಲೇ ಇರಲಿಲ್ಲ. ಹಡಗು ಹತ್ತಿ ಈ ಪರದೇಶಕ್ಕೆ ಬಂದು ಹದಿನಾಲ್ಕು ವರ್ಷವಾಗಿದ್ದರೂ ಇಲ್ಲಿನ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಎರಡೇ ಮಾತು: ಸರಿ ಸಾರ್, ಆಯ್ತು ಸಾರ್. ಮೇಸ್ತ್ರಿಯ ಮುಂದೆ ದಿನವಿಡೀ ಅವೆರಡನ್ನೇ ಆಡಿ, ಉಳಿದ ಮಾತನ್ನೆಲ್ಲ ಮನೆಗೆ ತಂದು ಅತ್ತಿಗೆಯ ಮೇಲೆ ಸುರಿಯುತ್ತಿದ್ದ. ಮಾತು ಸಾಲದಿದ್ದರೆ ಕೈ ಇತ್ತು.

ಎರಡು ಕೋಣೆಯ ಮನೆಯಲ್ಲಿ ನಾವು ಮೂವರು. ನಡುವೆ ಇದ್ದದ್ದು ಪ್ಲೈವುಡ್ ಗೋಡೆ. ಆಚೆ ಏಟು ಬಿದ್ದರೆ ಈಚೆ ನನ್ನ ಗಡಿಯಾರ ಮೊಳೆಯ ಮೇಲೆ ಅಲುಗುತ್ತಿತ್ತು. ನಾನು ರೇಡಿಯೋದ ಸದ್ದು ಜಾಸ್ತಿ ಮಾಡುತ್ತಿದ್ದೆ. ಗಂಡ ಹೆಂಡತಿಯ ವಿಷಯದಲ್ಲಿ ತಲೆ ಹಾಕಬಾರದು ಎಂದು ನನಗೆ ನಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದೆ. ಸಭ್ಯತೆಯಂತೆ, ಮಣ್ಣಂತೆ! ಅತ್ತಿಗೆ ಬಡಿಸಿದ್ದನ್ನು ತಿನ್ನುತ್ತಿದ್ದೆ, ಅಣ್ಣನಿಗೆ ಹೆದರುತ್ತಿದ್ದೆ, ಅಷ್ಟೇ.

ಆ ವರ್ಷ ಗೋದಾಮಿಗೆ ಮೂಟೆ ಎತ್ತುವ ಗಾಡಿ ಬಂತು. ಇಪ್ಪತ್ತು ಬೆನ್ನುಗಳ ಕೆಲಸವನ್ನು ಮೀಸೆ ಮೂಡದ ಡ್ರೈವರೊಬ್ಬ ಕೂತಲ್ಲೇ ಮಾಡತೊಡಗಿದ. ಅಣ್ಣನ ಕೈಗೆ ಪೊರಕೆ ಕೊಟ್ಟರು. "ಸರಿ ಸಾರ್" ಎಂದ. ಅವತ್ತು ಮನೆಯಲ್ಲಿ ನನ್ನ ಗಡಿಯಾರ ಕೆಳಗೇ ಬಿತ್ತು.

ನಮ್ಮವರ ಮಕ್ಕಳಿಗೆ ಭಾನುವಾರ ನಮ್ಮ ಭಾಷೆ ಕಲಿಸುತ್ತಿದ್ದ ಮೇಷ್ಟ್ರು ನಾಟಕ ಬರೆದದ್ದೂ ಆಗಲೇ. ಮೂಟೆ ಹೊರುವವನೊಬ್ಬ ಪರದೇಶಕ್ಕೆ ಬರುತ್ತಾನೆ, ಕೆಲಸ ಕಳೆದುಕೊಳ್ಳುತ್ತಾನೆ, ಹೆಂಡತಿ ದುಡಿಯಲು ಹೊರಟರೆ ಅವನ ಗಂಡಸುತನಕ್ಕೆ ಉರಿ ಹತ್ತುತ್ತದೆ. ಮೂರು ಸಲ ಹೊಡೆಯುತ್ತಾನೆ. ಮೂರನೆಯ ಏಟಿಗೆ ಅವಳು ಬಿದ್ದು ಸಾಯುತ್ತಾಳೆ, ಅವನು ಹೆಣದ ಮುಂದೆ ಕೂತು ಅಳುತ್ತಾನೆ. ಹೊಡೆಯುವವನಿಗೆ ಐದು ಪುಟದ ಅಳು. ಹೊಡೆಸಿಕೊಳ್ಳುವವಳಿಗೆ ಇಡೀ ನಾಟಕದಲ್ಲಿ ಹನ್ನೊಂದು ಮಾತು.

"ಇದು ನಮಗೆಲ್ಲ ಹಿಡಿದಿರೋ ಕನ್ನಡಿ ಕಣ್ರಯ್ಯಾ" ಎಂದರು ಮೇಷ್ಟ್ರು. ನಾಯಕನ ಪಾತ್ರ ಅಣ್ಣನಿಗೆ ಸಿಕ್ಕಿತು. ಅವನು ಆ ಕನ್ನಡಿಯಲ್ಲಿ ಮೀಸೆ ತಿರುವಿಕೊಂಡ.

ಹೆಂಡತಿಯ ಪಾತ್ರ ನಮ್ಮ ಬೀದಿಯ ಬೇಕರಿಯಾಕೆಯದು. ನಾಟಕದ ಏಟು ಹೇಗೆಂದರೆ, ಕೈ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಬೀಸಿ ಹೋಗಬೇಕು, ಅದೇ ಗಳಿಗೆಗೆ ಪಕ್ಕದ ಪರದೆಯ ಹಿಂದಿನಿಂದ ಯಾರಾದರೂ ಎರಡು ಹಲಗೆ ತುಂಡನ್ನು ಫಟ್ಟೆಂದು ಬಡಿಯಬೇಕು. ಸದ್ದು ಕೇಳಿದ ಕೂಡಲೇ ಬೇಕರಿಯಾಕೆ ಬೀಳಬೇಕು. ಮೊದಲು ಹಲಗೆ ನನ್ನ ಕೈಗೆ ಬಂತು. ಪ್ರತಿಸಲವೂ ತಡವಾಗಿ ಬಡಿದೆ. ಬೈಸಿಕೊಂಡು ಮುಂಪರದೆಯ ಹಗ್ಗಕ್ಕೆ ವರ್ಗವಾದೆ.

"ಮನೇಲಿ ಸುಮ್ನೆ ಕೂತಿರ್ತಾಳೆ, ಅವಳೇ ಬಡೀಲಿ ಬಿಡಿ" ಎಂದು ಅಣ್ಣ ಅತ್ತಿಗೆಯನ್ನು ಕರೆತಂದ.

ಅತ್ತಿಗೆ ಒಂದೇ ಒಂದು ಸಲವೂ ತಪ್ಪಲಿಲ್ಲ. ಅಣ್ಣ ಬೇಗ ಬೀಸಿದರೂ ನಿಧಾನಕ್ಕೆ ಬೀಸಿದರೂ ಸದ್ದು ಕೈಯ ಜೊತೆಗೇ ಬರುತ್ತಿತ್ತು. ಮೇಷ್ಟ್ರು ಬೆರಗಾದರು.

"ಅದ್ಹೇಗಮ್ಮಾ ಅಷ್ಟು ಸರಿಯಾಗಿ ಗೊತ್ತಾಗುತ್ತೆ ನಿಂಗೆ?"

"ಮೊದಲು ಅವರ ಎಡ ಹೆಗಲು ಮೇಲೇಳುತ್ತೆ ಸಾರ್. ಆಮೇಲೆ ಬಲಗೈ ಬರುತ್ತೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಣ್ಣನೂ ನಕ್ಕ. ನಗುತ್ತಿದ್ದ ಮೇಷ್ಟ್ರು ನಡುವೆ ನಿಲ್ಲಿಸಿ, ಕನ್ನಡಕ ಒರೆಸಿಕೊಂಡು ಮುಂದಿನ ಪುಟ ತಿರುವಿದರು. ಕನ್ನಡಿ ಹಿಡಿಯಲು ಬಂದವರಿಗೂ ನೋಡುವ ಧೈರ್ಯ ಅಷ್ಟೇ ಇತ್ತು.

ನಾಟಕಕ್ಕೆ ಮೂರು ದಿನ ಇದ್ದಾಗ ಅತ್ತಿಗೆ ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತಳು. ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಸಿಕ್ಕಿದೆ, ಸೋಮವಾರ ಬೆಳಿಗ್ಗೆ ಹೋಗದಿದ್ದರೆ ಬೇರೆಯವರಿಗೆ ಕೊಡುತ್ತಾರೆ ಎಂದಳು.

"ನಿಮ್ಮಣ್ಣಂಗೆ ನೀನೊಂದು ಮಾತು ಹೇಳೋ. ನಾನು ಹೇಳಿದ್ರೆ ಏನಾಗುತ್ತೆ ಅಂತ ನಿಂಗೇ ಗೊತ್ತಲ್ಲ."

"ನಾಟಕ ಮುಗೀಲಿ ಅತ್ತಿಗೆ. ಈಗ ಅವನ ತಲೆ ಸರಿ ಇಲ್ಲ."

ಅತ್ತಿಗೆ ಒಳಗೆ ಹೋದಳು. ಶನಿವಾರ ತಾನೇ ಅಣ್ಣನಿಗೆ ಹೇಳಿದಳು. ನಾನು ರೇಡಿಯೋ ಹಾಕಿದೆ. ಭಾನುವಾರ ಬೆಳಿಗ್ಗೆ ಅಣ್ಣ ಷರಟಿನ ಗುಂಡಿ ಹಾಕಿಕೊಳ್ಳುತ್ತಾ, "ಇವತ್ತು ಮೇಸ್ತ್ರಿ ಬರ್ತಾನೆ, ಗೋದಾಮಿಗೆ ಗೋದಾಮೇ ಬರುತ್ತೆ. ಮಾನ ಕಳೀಬೇಡ" ಎಂದ. ಅತ್ತಿಗೆ ತಲೆಯಾಡಿಸಿದಳು.

ಮಧ್ಯಾಹ್ನದ ಹೊತ್ತಿಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಸ್ತ್ರಿ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೊದಲ ಏಟಿಗೆ ಸದ್ದು ಸರಿಯಾಗಿ ಬಂತು, ಗಂಡಸರು ಶಿಳ್ಳೆ ಹೊಡೆದರು. ಎರಡನೆಯದಕ್ಕೂ ಬಂತು. ಗೋದಾಮಿನಲ್ಲಿ ಪೊರಕೆ ಹಿಡಿಯುತ್ತಿದ್ದ ಅಣ್ಣ ಅವತ್ತು ಎರಡಾಳು ಎತ್ತರ ಕಾಣುತ್ತಿದ್ದ.

ಮೂರನೆಯ ಏಟಿಗೆ ಅವನ ಎಡ ಹೆಗಲು ಮೇಲೆದ್ದಿತು. ಎದುರು ಬದಿಯ ಪರದೆಯ ಹಿಂದೆ ಅತ್ತಿಗೆ ನನಗೆ ಚೆನ್ನಾಗಿ ಕಾಣುತ್ತಿದ್ದಳು. ಅವಳು ಬಗ್ಗಿ, ಎರಡೂ ಹಲಗೆ ತುಂಡುಗಳನ್ನು ಸದ್ದಾಗದಂತೆ ನೆಲದ ಮೇಲಿಟ್ಟಳು.

ಅಣ್ಣನ ಕೈ ಗಾಳಿಯಲ್ಲಿ ಬೀಸಿ ಹೋಯಿತು. ಏನೂ ಕೇಳಿಸಲಿಲ್ಲ. ಸದ್ದಿಗೆ ಕಾಯುತ್ತಿದ್ದ ಬೇಕರಿಯಾಕೆ ಬೀಳದೆ ಹಾಗೇ ನಿಂತಳು. ಹೊಡೆದವನು ಹೊಡೆದ, ಹೊಡೆಸಿಕೊಂಡವಳು ಕಣ್ಣು ಪಿಳಿಪಿಳಿ ಬಿಡುತ್ತಿದ್ದಾಳೆ. ಮೊದಲು ಮೇಸ್ತ್ರಿ ನಕ್ಕ. ಆಮೇಲೆ ಇಡೀ ಸಭೆ ನಕ್ಕಿತು.

ಅಣ್ಣ ಮೂರೇ ಹೆಜ್ಜೆಯಲ್ಲಿ ಪಕ್ಕದ ಪರದೆ ಸರಿಸಿ ಹಿಂದೆ ಹೋದ. ಆ ಸದ್ದು ಕೊನೆಯ ಸಾಲಿನವರಿಗೂ ಕೇಳಿಸಿತು. ಪಾಪ ಬೇಕರಿಯಾಕೆ, ಅಭ್ಯಾಸಬಲ, ಸದ್ದು ಕೇಳಿದವಳೇ ದೊಪ್ಪನೆ ಬಿದ್ದಳು. ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ತಡವಾದರೂ ಏಟು ಅಂದರೆ ಇದಪ್ಪಾ ಎಂದು ಯಾರೋ ಕೂಗಿದರು. ಅಣ್ಣ ವಾಪಸ್ಸು ಬಂದು ಬಿದ್ದವಳ ಮುಂದೆ ಕೂತು ಐದು ಪುಟ ಅತ್ತ. ಚೆನ್ನಾಗಿಯೇ ಅತ್ತ, ನಮ್ಮ ಭಾಷೆ ಬಾರದ ಮೇಸ್ತ್ರಿ ಕೂಡ ಕಣ್ಣೊರೆಸಿಕೊಂಡ.

ಅತ್ತಿಗೆ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹಿಂಬಾಗಿಲಿನಿಂದ ಹೊರಟುಹೋದಳು. ನಾನು ಹಗ್ಗ ಹಿಡಿದು ನಿಂತಿದ್ದೆ. ಅಣ್ಣನ ಅಳು ಮುಗಿದ ಮೇಲೆ ಪರದೆ ಬಿಡಬೇಕೆಂದು ಹೇಳಿದ್ದರು. ಮುಗಿದ ಮೇಲೆಯೇ ಬಿಟ್ಟೆ.

ಸೋಮವಾರ ಅವಳು ಕೆಲಸಕ್ಕೆ ಸೇರಿದಳೆಂದು ಗೊತ್ತಾಯಿತು. ಮನೆಗೆ ಮಾತ್ರ ಬರಲಿಲ್ಲ. ಎರಡು ವಾರ ಕಳೆದ ಮೇಲೆ, ಬುದ್ಧಿ ಹೇಳಿ ಕರೆದುಕೊಂಡು ಬಾ ಎಂದು ಅಣ್ಣ ನನ್ನನ್ನು ಅಟ್ಟಿದ. ಊಟದ ಬಿಡುವಿನಲ್ಲಿ ಆಸ್ಪತ್ರೆಯ ಹಿಂದಿನ ಗೇಟಿಗೆ ಅತ್ತಿಗೆ ಬಂದಳು. ಸೋಪಿನ ನೀರಿಗೆ ಬೆರಳುಗಳು ಬಿಳಿಚಿಕೊಂಡಿದ್ದವು. ಅಣ್ಣನ ಮಾತೆತ್ತಲು ಬಾಯಿ ಬರಲಿಲ್ಲ. ಅವಳ ಕಡೆಯವನೆನಿಸಿಕೊಳ್ಳೋಣವೆಂದು ಹೇಳಿದೆ:

"ಅವತ್ತು ಚಪ್ಪಾಳೆ ತಟ್ಟಿದ್ರಲ್ಲ ಅತ್ತಿಗೆ, ಥೂ, ಎಂಥಾ ಜನ!"

"ಅವರಿಗೇನು ಗೊತ್ತಿತ್ತು? ನಾಟಕ ಅಂದ್ಕೊಂಡ್ರು, ತಟ್ಟಿದ್ರು" ಎಂದಳು. "ನೀನು ಹದಿನಾಲ್ಕು ವರ್ಷ ಗೋಡೆ ಪಕ್ಕದಲ್ಲೇ ಇದ್ದೆ. ನೀನು ಏನಂದ್ಕೊಂಡಿದ್ದೆ?"

ಬೆಲ್ಲು ಹೊಡೆಯಿತು. ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮನೆಯಲ್ಲಿ ಅಣ್ಣ ಬಾಗಿಲಲ್ಲೇ ಕೂತಿದ್ದ.

"ಏನಂದ್ಲು?"

"ಏನೂ ಅನ್ನಲಿಲ್ಲ" ಎಂದೆ. ನನ್ನ ಕೋಣೆಗೆ ಹೋಗಿ ರೇಡಿಯೋ ಹಾಕಿದೆ.