ಅರಿಶಿಣ ನೀರಿನಲ್ಲಿ ತೊಳೆದ ಮೀನು

ಅನುರಾಧಾ ಮುದನಾಳದ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಗಂಡ ದೇವಿಂದ್ರ ಯಾದಗಿರಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟ, ಪಕ್ಕದಲ್ಲಿ ಬಾಬಾಸಾಹೇಬರ ಪಟ. ಹಿತ್ತಲಲ್ಲಿ ಅಂದಕ್ಕೆ ಸಾಕುವ ಬಣ್ಣದ ಕೊಯ್ ಮೀನುಗಳ ತೊಟ್ಟಿ.

ಮೀನಿನ ಹುಚ್ಚು ಶುರುವಾದದ್ದು ದೇವಿಂದ್ರ ಹೈದರಾಬಾದಿನಿಂದ ತಂದ ಬೆರಳುದ್ದದ ಮರಿಗಳಿಂದ. ಅವು ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸದಷ್ಟು ಬೆಳೆದಾಗ, ಅನುರಾಧಾ ಅವನ್ನು ಮನೆ ಕಟ್ಟುವಾಗ ಇಟ್ಟಿಗೆ ನೆನೆಸಲು ಮಾಡಿದ್ದ ತೊಟ್ಟಿಗೆ ಬಿಟ್ಟಳು. ಮೊದಲ ಸಲ ಮೊಟ್ಟೆಯಿಟ್ಟಾಗ ದೊಡ್ಡ ಮೀನುಗಳೇ ಅವನ್ನು ತಿಂದು ಮುಗಿಸಿದವು. ಮುಂದಿನ ವರ್ಷ ಪ್ಲಾಸ್ಟಿಕ್ ಹಗ್ಗದ ಎಳೆ ಬಿಚ್ಚಿ ನೀರಿಗೆ ಇಳಿಬಿಟ್ಟಳು. ಮೊಟ್ಟೆಗಳು ಎಳೆಗಳಿಗೆ ಅಂಟಿಕೊಂಡ ಕೂಡಲೇ ಹಗ್ಗವನ್ನೇ ಎತ್ತಿ ಬೇರೆ ತೊಟ್ಟಿಗೆ ಹಾಕಿದಳು. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಕಟ್ಟಿ, ನೀರಿನಲ್ಲಿ ಹಿಂಡಿ, ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳನ್ನು ಸಾಕಿದಳು. ಬಿಸಿಲಿಗೆ ನೀರು ಕಾಯದಂತೆ ಹಸಿರು ಪರದೆ ಕಟ್ಟಿದಳು. ಬಿಳಿ ಮೈಯ ಮೇಲೆ ಕೆಂಪು ಮಚ್ಚೆ ಮೂಡಿದ ಮೊದಲ ಮರಿಯನ್ನು ಕಂಡ ದಿನ ಶಾಲೆಗೆ ತಡವಾಗಿ ಹೋದಳು.

ಆಕೆ ಮೊಬೈಲಿನಲ್ಲಿ ಹಾಕಿದ ವಿಡಿಯೊ ಕೈಯಿಂದ ಕೈಗೆ ಹೋಗಿ ಕಾಳಿನ ವ್ಯಾಪಾರಿ ರೇವಣಸಿದ್ದಪ್ಪನಿಗೆ ಮುಟ್ಟಿತು. ಅವನು ಹೊಸ ಮನೆ ಕಟ್ಟಿಸಿ, ಅಂಗಳದಲ್ಲಿ ಕೊಳ ಮಾಡಿಸಿದ್ದ. ಫೋನಿನಲ್ಲೇ ಹನ್ನೆರಡು ಮೀನು ಬೇಕೆಂದು ಹೇಳಿ ಡ್ರೈವರನನ್ನು ಕಳಿಸಿದ. ಅನುರಾಧಾ ಮೀನುಗಳನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಕಳಿಸಿ, ರೇವಣಸಿದ್ದಪ್ಪನಿಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದಳು: "ಸಾವಕಾರ್ರ, ಚೀಲ ಹಂಗೇ ಕೊಳದಾಗ ತೇಲಿಬಿಡ್ರಿ. ಆಮ್ಯಾಲ ನಿಮ್ಮ ನೀರು ಸ್ವಲ್ಪ ಸ್ವಲ್ಪ ಚೀಲಕ್ಕ ಹಾಕ್ರಿ. ಒಮ್ಮಿಗೇ ನೀರು ಬದಲಾದ್ರ ತಡಕೊಳ್ಳೂದಿಲ್ಲ."

ಗೃಹಪ್ರವೇಶ ಮುಗಿದ ಮರುದಿನವೇ ಫೋನ್ ಬಂತು. "ಟೀಚರ, ನಿಮ್ಮ ಮೀನು ಸಾಯಾಕತ್ತಾವ. ರೋಗದ್ದು ಕೊಟ್ಟೀರಿ ಏನು?"

ಅನುರಾಧಾ ಸ್ಕೂಟಿ ಹತ್ತಿ ಹೋದಳು. ಅಂಗಳದಲ್ಲಿ ಇನ್ನೂ ಹೋಗದ ನೆಂಟರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಒಂಬತ್ತು ಮೀನು ಸತ್ತು ಬುಟ್ಟಿಯಲ್ಲಿ ಬಿದ್ದಿದ್ದವು. ಒಂದನ್ನು ಎತ್ತಿ ನೋಡಿದಳು. ಮೈಮೇಲಿನ ಲೋಳೆ ಉಜ್ಜಿ ಹೋಗಿತ್ತು, ಹುರುಪೆಗಳು ಎದ್ದಿದ್ದವು.

"ಇವನ್ನ ಹ್ಯಾಂಗ ಬಿಟ್ರಿ?" ಎಂದು ಕೇಳಿದಳು.

ರೇವಣಸಿದ್ದಪ್ಪನ ತಾಯಿ ದೇವಕ್ಕ ಮುಚ್ಚುಮರೆಯಿಲ್ಲದೆ ಹೇಳಿದಳು: "ಚೀಲದಾಗಿನ ನೀರು ಡ್ರೈವರನ ಕಡಿಂದ ಹೊರಗ ಗಟಾರಕ್ಕ ಚೆಲ್ಲಿಸಿದ್ವಿ. ಬೋರಿನ ನೀರಿಗೆ ಅರಿಶಿಣ ಹಾಕಿ ಒಂದೊಂದೇ ತಿಕ್ಕಿ ತೊಳದು, ಗೋಮೂತ್ರ ಚಿಮುಕಿಸಿ ಬಿಟ್ಟೇವಿ."

"ಯಾಕ್ರಿ?"

"ಅದು ನಿಮ್ಮ ಮನಿ ನೀರು ಅಲ್ಲೇನವ್ವ? ಹೊಸ ಮನಿ ಶಾಂತಿ ಇಟ್ಟಿದ್ವಿ. ತಪ್ಪು ತಿಳಕೋಬ್ಯಾಡ."

ಮುದುಕಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಹೀಗಳಿಕೆಯೂ ಇರಲಿಲ್ಲ. ಕಾಯಿಪಲ್ಯ ತೊಳೆದದ್ದನ್ನು ಹೇಳುವವಳಂತೆ ಹೇಳಿದ್ದಳು. ಅದು ಅನುರಾಧಾಳಿಗೆ ಬೈಗುಳಕ್ಕಿಂತ ಹೆಚ್ಚು ಉರಿಯಿತು.

ರೇವಣಸಿದ್ದಪ್ಪ ನಡುವೆ ಬಂದ. "ಅವ್ವ ಹಳೇ ಕಾಲದಾಕಿ, ಟೀಚರ. ಮನಸಿಗಿ ಹಚ್ಚಿಕೋಬ್ಯಾಡ್ರಿ."

"ನಿಮ್ಮವ್ವ ಹಳೇ ಕಾಲದಾಕಿ. ನೀವು ಯಾವ ಕಾಲದವ್ರು? ನೀರು ಗಟಾರಕ್ಕ ಚೆಲ್ಲು ಅಂತ ಡ್ರೈವರಗ ಯಾರು ಹೇಳ್ಯಾರ?"

ಅವನು ನೆಂಟರ ಕಡೆ ನೋಡಿದ. ನೆಂಟರು ನೆಲ ನೋಡಿದರು.

"ಇವು ನಮ್ಮ ತೊಟ್ಟ್ಯಾಗ ಹುಟ್ಟ್ಯಾವ. ನಾ ಹಿಂಡಿ ಹಾಕಿದ್ದು ತಿಂದು ಬೆಳದಾವ. ಅದು ಎಷ್ಟು ತಿಕ್ಕಿದ್ರ ಹೋಗ್ತದ್ರಿ? ತಿಕ್ಕಿದ್ದಕ್ಕ ಹೋಗಿದ್ದು ಅವುಗಳ ಜೀವ. ಮ್ಯಾಲ ನನಗೇ ರೋಗದ್ದು ಕೊಟ್ಟೀರಿ ಅಂತೀರಿ."

ಅಲ್ಲಿದ್ದ ಬಕೀಟು ತೆಗೆದುಕೊಂಡು ಕೊಳಕ್ಕೆ ಇಳಿದಳು. ಸೀರೆ ಮೊಣಕಾಲಿನವರೆಗೆ ನೆನೆಯಿತು. ಉಳಿದ ಮೂರು ಮೀನುಗಳನ್ನು ಹಿಡಿದು ಬಕೀಟಿಗೆ ಹಾಕಿದಳು.

"ಕೊಂಡ ಮೀನು ಹ್ಯಾಂಗ ಒಯ್ತೀರಿ?" ಎಂದ ರೇವಣಸಿದ್ದಪ್ಪ.

"ನಿಮ್ಮ ರೊಕ್ಕ ವಾಪಸ್ ಹಾಕ್ತೀನಿ. ಕೊಳಾ ನಾ ಇಳದೀನಿ, ಅದನ್ನೂ ತೊಳಕೋರಿ."

ತಡೆಯಬೇಕೆಂದರೆ ಅವನು ಅವಳ ಕೈಯಲ್ಲಿದ್ದ ಬಕೀಟಿಗೆ ಕೈ ಹಾಕಬೇಕಿತ್ತು. ಹಾಕಲಿಲ್ಲ.

ಮನೆಯಲ್ಲಿ ದೇವಿಂದ್ರ ಎಲ್ಲ ಕೇಳಿ, "ದೊಡ್ಡ ಮಂದಿ. ಕೇಸು ಗೀಸು ಬ್ಯಾಡ, ಬಿಟ್ಟುಬಿಡು," ಎಂದ.

"ಕೇಸು ಹಾಕ್ತೀನಂತ ನಾ ಎಲ್ಲಿ ಅಂದೀನಿ? ನೀವು ಸಿಟ್ಟಾದ್ರೂ ಆಗ್ರಿ ಅಂತೀನಿ," ಎಂದಳು ಅನುರಾಧಾ. ಆ ದಿನ ಅವಳಿಗೆ ಸಾವಕಾರನಿಗಿಂತ ಗಂಡನ ಮೇಲೆಯೇ ಸಿಟ್ಟು ಹೆಚ್ಚಿತ್ತು.

ಮೂರರಲ್ಲಿ ಎರಡು ಬದುಕಿದವು, ಒಂದು ಉಳಿಯಲಿಲ್ಲ. ಟೀಚರ್ ಮನೆಯ ಮೀನಿಗೆ ರೋಗವಿದೆ ಎಂಬ ಮಾತು ಊರಲ್ಲಿ ಹಬ್ಬಿತು. ಅಂಗಳದ ತೊಟ್ಟಿಗೆ ಮರಿ ಬೇಕೆಂದಿದ್ದ ಶಹಾಪುರದ ಹೋಟೆಲಿನವನು ಫೋನ್ ಎತ್ತುವುದನ್ನೇ ನಿಲ್ಲಿಸಿದ. ತಾನು ಸುಮ್ಮನಿದ್ದರೆ ಸುಳ್ಳೇ ನಿಜವಾಗುತ್ತದೆ ಎಂದು ಅನುರಾಧಾ ಕೇಳಿದವರಿಗೆಲ್ಲ, ಶಾಲೆಯ ಸಿಬ್ಬಂದಿ ಕೋಣೆಯಲ್ಲಿ, ಬಸ್ಸಿನಲ್ಲಿ, ಕಿರಾಣಿ ಅಂಗಡಿಯಲ್ಲಿ, ಅರಿಶಿಣ ನೀರಿನ ಕಥೆಯನ್ನು ಹೆಸರು ಹಿಡಿದೇ ಹೇಳಿದಳು. ಕೆಲವರು ನಕ್ಕರು, ಕೆಲವರು ಮಾತು ತಪ್ಪಿಸಿದರು. ಶಹಾಪುರದಲ್ಲಿ ಸಾಕುವ ಮೀನಿನ ಅಂಗಡಿ ಇಟ್ಟಿರುವ ಫಕೀರಸಾಬ ಮಾತ್ರ, "ಮೀನಿಗಿ ಜಾತಿ ಹಚ್ಚಿದ್ದು ಇದೇ ಮೊದಲು ಕೇಳೀನಿ," ಎಂದು ಸಾವಕಾರನನ್ನು ಬೈದು, ಆ ವರ್ಷದ ಅರ್ಧ ಮರಿ ತಾನೇ ಒಯ್ದ.

ಆಗಲೇ ಅವಳು ಒಂದು ಕಟ್ಟಳೆ ಮಾಡಿದಳು. ಮೀನು ಕೊಳ್ಳಲು ಬಂದವರು ಯಾರೇ ಇರಲಿ, ಪಡಸಾಲೆಯಲ್ಲಿ ಕುಳಿತು ಅವಳ ಮನೆಯ ನೀರು ಕುಡಿಯಬೇಕು. ಕುಡಿದ ಮೇಲೆಯೇ ಹಿತ್ತಲಿನ ಬಾಗಿಲು ತೆರೆಯುವುದು.

"ಹಿಂಗ ಮಾಡಿದ್ರ ಗಿರಾಕಿ ಬರ್ತಾರೇನು?" ಎಂದು ದೇವಿಂದ್ರ ಗೊಣಗಿದ. ಆಕೆ ತಂಬಿಗೆ ತೊಳೆದು ನೀರು ತುಂಬಿಟ್ಟಳು.

ಹೋದ ತಿಂಗಳು ಸುರಪುರದಿಂದ ಕಾರಿನಲ್ಲಿ ಒಬ್ಬರು ಬಂದರು. ಅನುರಾಧಾ ಇನ್ನೂ ಶಾಲೆಯಿಂದ ಬರುತ್ತಿದ್ದಳು. ಅವಳು ಗೇಟಿನ ಹತ್ತಿರ ಸ್ಕೂಟಿ ನಿಲ್ಲಿಸುವಾಗ ಪಡಸಾಲೆಯಲ್ಲಿ ದೇವಿಂದ್ರನೇ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಬಂದವರು ಕೈ ಅಡ್ಡ ಮಾಡಿ, "ಇವತ್ತ ಉಪವಾಸ ಅದರಿ, ನೀರೂ ಮುಟ್ಟೂದಿಲ್ಲ. ಮೀನು ತೋರಿಸ್ರಿ," ಎಂದರು.

"ಹೌದ್ರಿ? ಹಂಗಾದ್ರ ಉಪವಾಸ ಮುಗಿಸಿ ನಾಳಿ ಬರ್ರಿ," ಎಂದು ದೇವಿಂದ್ರ ಅವರನ್ನು ಕಾರಿನವರೆಗೆ ಕಳಿಸಿ ಗೇಟು ಹಾಕಿದ.

ಅವರು ಮರುದಿನ ಬರಲಿಲ್ಲ.